ಲೈಟ್‌ಹೌಸ್‌ನಲ್ಲಿ 97 ಬಂತು, ಚಿಕ್ಕಮ್ಮನ ಹತ್ತಿರ ಫೇಲ್ ಆದೆ

ವೆಬ್‌ಸೈಟ್ ಮಾಡುವವರಿಗೆ ಲೈಟ್‌ಹೌಸ್ ಗೊತ್ತೇ ಇರುತ್ತದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಗೂಗಲ್‌ನವರು ಮಾಡಿರುವ ತಪಾಸಣೆಯ ಸಾಧನ. ಕ್ರೋಮ್ ಬ್ರೌಸರ್ ಒಳಗೇ ಇದೆ, ಕಾಸು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ಕಂಪ್ಯೂಟರಿನಲ್ಲಿ ನಿಮ್ಮ ಪುಟ ತೆರೆದು ಎಫ್12 ಒತ್ತಿ, ಮೇಲಿನ ಸಾಲಿನಲ್ಲಿ ಲೈಟ್‌ಹೌಸ್ ಅನ್ನುವ ಟ್ಯಾಬ್ ಹುಡುಕಿ (ಕೆಲವು ಸಲ ಬಾಣದ ಗುರುತಿನ ಹಿಂದೆ ಅಡಗಿಕೊಂಡಿರುತ್ತದೆ), ಬಟನ್ ಒತ್ತಿ ಸ್ವಲ್ಪ ಕಾದರೆ ನಾಲ್ಕು ಅಂಕ ಕೊಡುತ್ತದೆ. ವೇಗಕ್ಕೊಂದು, ಆಕ್ಸೆಸಿಬಿಲಿಟಿಗೊಂದು (ಕಣ್ಣು ಕಾಣದವರೂ ಸೇರಿ ಎಲ್ಲರೂ ಪುಟ ಬಳಸಬಹುದೇ ಅನ್ನುವುದು), ಕೋಡ್ ಬರೆದ ಶಿಸ್ತಿಗೊಂದು, ಸರ್ಚ್ ಎಂಜಿನ್‌ಗೆ ಪುಟ ಎಷ್ಟು ಅರ್ಥವಾಗುತ್ತದೆ ಅನ್ನುವುದಕ್ಕೊಂದು. 90 ಮತ್ತು ಮೇಲೆ ಹಸಿರು, 50ರಿಂದ 89 ಕಿತ್ತಳೆ, ಅದಕ್ಕೂ ಕೆಳಗೆ ಕೆಂಪು. ಎಲ್ಲದಕ್ಕೂ 100 ಬಂದರೆ ಪರದೆ ಮೇಲೆ ಪಟಾಕಿ ಹಾರುತ್ತದೆ, ತಮಾಷೆ ಅಲ್ಲ, ನಿಜವಾಗ್ಲೂ.

ನಾನು ಒಂದು ಸಣ್ಣ ಸಂಘಕ್ಕೆ ಸದಸ್ಯರ ನೋಂದಣಿಯ ಸೈಟ್ ಮಾಡಿಕೊಟ್ಟೆ. ಮುಖಪುಟ, ಒಂದು ಫಾರಂ, ಸಂಪರ್ಕದ ಪುಟ, ಅಷ್ಟೇ. ನನ್ನ ಫೋನಿನಲ್ಲಿ, ನನ್ನ ವೈಫೈನಲ್ಲಿ ಅದು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಓಡುತ್ತಿತ್ತು. ಲೈಟ್‌ಹೌಸ್ ಹಾಕಿದೆ, ವೇಗಕ್ಕೆ 41 ಬಂತು. ಕೆಂಪು.

ಮೊದಲು ಸಿಟ್ಟು ಬಂತು, ಆಮೇಲೆ ವರದಿ ಓದಿದೆ. ಇದು ನಮ್ಮ ವೈಫೈಯನ್ನು ನಂಬುವುದಿಲ್ಲ. ಮಧ್ಯಮ ದರ್ಜೆಯ ಫೋನು, ನಿಧಾನದ 4ಜಿ ಇದ್ದರೆ ಪುಟ ಹೇಗೆ ತೆರೆದೀತು ಅಂತ ಲೆಕ್ಕ ಹಾಕಿ ಅಂಕ ಕೊಡುತ್ತದೆ. ಇದು ನನಗೆ ತುಂಬಾ ಹಿಡಿಸಿದ ವಿಷಯ, ಯಾಕೆಂದರೆ ಸೈಟ್ ಮಾಡುವವರ ಹತ್ತಿರ ಯಾವಾಗಲೂ ಒಳ್ಳೆ ಫೋನ್ ಇರುತ್ತದೆ, ನೋಡುವವರ ಹತ್ತಿರ ಇರುವುದಿಲ್ಲ.

ತಪ್ಪುಗಳೆಲ್ಲ ನನ್ನವೇ. ಮುಖಪುಟದ ಮೇಲೆ ಕ್ಯಾಮೆರಾದಿಂದ ಇಳಿಸಿದ ಫೋಟೋವನ್ನು ಹಾಗೇ ಹಾಕಿದ್ದೆ, 4 ಎಂಬಿ. ಪುಟದಲ್ಲಿ ಕಣ್ಣಿಗೆ ಬೀಳುವ ಅತಿ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಬರಬೇಕು ಅನ್ನುವುದು ಇದರ ಲೆಕ್ಕ, ಅದಕ್ಕೆ ಎಲ್‌ಸಿಪಿ ಅನ್ನುತ್ತಾರೆ. ನನ್ನದು ಅದರ ಹತ್ತಿರಕ್ಕೂ ಬರಲಿಲ್ಲ. ಫೋಟೋವನ್ನು ಚಿಕ್ಕದು ಮಾಡಿ ವೆಬ್‌ಪಿ ಅನ್ನುವ ಹಗುರವಾದ ಚಿತ್ರ ಮಾದರಿಗೆ ಬದಲಿಸಿದೆ. ಜೊತೆಗೆ ಬುದ್ಧಿವಂತಿಕೆ ತೋರಿಸಲು ಹೋಗಿ ಎಲ್ಲ ಚಿತ್ರಗಳಿಗೂ ಲೇಜಿ ಲೋಡಿಂಗ್ ಹಾಕಿಬಿಟ್ಟೆ, ಅಂದರೆ ನೋಡುವವರು ಹತ್ತಿರ ಬರುವವರೆಗೆ ಚಿತ್ರ ತರಿಸಬೇಡ ಅಂತ ಬ್ರೌಸರಿಗೆ ಹೇಳುವುದು. ಕೆಳಗಿರುವ ಚಿತ್ರಗಳಿಗೆ ಅದು ಸರಿ, ಆದರೆ ಎಲ್ಲಕ್ಕಿಂತ ಮೇಲಿರುವ, ಮೊದಲು ಕಾಣಬೇಕಾದ ಚಿತ್ರಕ್ಕೇ ಅದನ್ನು ಹಾಕಿದರೆ ಬ್ರೌಸರ್ ಅದನ್ನು ತಡವಾಗಿ ತರಿಸಿಕೊಳ್ಳುತ್ತದೆ. ಅದನ್ನೂ ಲೈಟ್‌ಹೌಸೇ ಹಿಡಿದು ತೋರಿಸಿತು.

ಇನ್ನೊಂದು, ಪುಟ ಜಿಗಿಯುವುದು. ನಿಮಗೂ ಆಗಿರುತ್ತದೆ, ಬಟನ್ ಒತ್ತಲು ಹೋಗುತ್ತೀರಿ, ಅಷ್ಟರಲ್ಲಿ ಮೇಲೆ ಏನೋ ಒಂದು ಚಿತ್ರ ಬಂದು ಕೂತು ಎಲ್ಲವನ್ನೂ ಕೆಳಗೆ ತಳ್ಳುತ್ತದೆ, ನೀವು ಬೇರೇನನ್ನೋ ಒತ್ತಿರುತ್ತೀರಿ. ಇದರ ಅಳತೆಗೆ ಸಿಎಲ್‌ಎಸ್ ಎಂದು ಹೆಸರು, 0.1 ದಾಟಬಾರದು. ಚಿತ್ರದ ಅಗಲ ಎತ್ತರ ಎಷ್ಟು ಅಂತ ಕೋಡಿನಲ್ಲಿ ಮೊದಲೇ ಬರೆದರೆ ಬ್ರೌಸರ್ ಜಾಗ ಬಿಟ್ಟುಕೊಂಡು ಕಾಯುತ್ತದೆ. ಎರಡು ಅಂಕಿ ಬರೆಯುವ ಕೆಲಸ. ನಾನು ಬರೆದಿರಲಿಲ್ಲ.

ಬಣ್ಣದ ವಿಷಯದಲ್ಲಿ ಮಾತ್ರ ನನಗೆ ನಾಚಿಕೆಯಾಯಿತು. ಬಿಳಿ ಹಿನ್ನೆಲೆಯ ಮೇಲೆ ತಿಳಿ ಬೂದು ಅಕ್ಷರ, ನೋಡಲು ಏನೋ ದುಬಾರಿ ಸೈಟಿನ ಹಾಗೆ ಕಾಣುತ್ತದೆ ಅಂತ ಹಾಕಿದ್ದೆ. #999999 ಅನ್ನುವ ಆ ಬಣ್ಣಕ್ಕೂ ಬಿಳಿಗೂ ಇರುವ ಕಾಂಟ್ರಾಸ್ಟ್, ಅಂದರೆ ಹೊಳಪಿನ ಅನುಪಾತ, 2.8 ಅಷ್ಟೇ. ಮಾಮೂಲಿ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು, ದೊಡ್ಡ ಅಕ್ಷರಕ್ಕೆ 3 ಇದ್ದರೆ ನಡೆಯುತ್ತದೆ. #595959ಕ್ಕೆ ಬದಲಿಸಿದೆ, ಸುಮಾರು 7 ಸಿಗುತ್ತದೆ. ಅಂದ ಏನೂ ಕಡಿಮೆ ಆಗಲಿಲ್ಲ. ಫೋನಿನಲ್ಲಿ ಎರಡು ಬೆರಳಿಂದ ಹಿಗ್ಗಿಸದಂತೆ ತಡೆಯುವ ಒಂದು ಸಾಲು ನಾನು ಬಳಸಿದ ಸಿದ್ಧ ಟೆಂಪ್ಲೇಟಿನಿಂದ ಬಂದಿತ್ತು, ಅದನ್ನೂ ಇದು ಎತ್ತಿ ತೋರಿಸಿತು. ಕಣ್ಣು ಮಂಜಾದವರು ಅಕ್ಷರ ದೊಡ್ಡದು ಮಾಡಿಕೊಳ್ಳುವುದನ್ನು ತಡೆಯಬೇಕು ಅಂತ ಯಾರಿಗೆ, ಯಾಕೆ ಅನ್ನಿಸಿತೋ!

ಎರಡು ಸಂಜೆ ಕೂತು ಎಲ್ಲ ತಿದ್ದಿದೆ. ವೇಗಕ್ಕೆ 97, ಉಳಿದ ಮೂರಕ್ಕೆ 100. ಪಟಾಕಿ ಹಾರಲಿಲ್ಲ, ಪರವಾಗಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಸಂಘದವರಿಗೆ ಕಳಿಸಿದೆ.

ಆಮೇಲೆ ಚಿಕ್ಕಮ್ಮ ಬಂದರು. ಅವರೂ ಆ ಸಂಘಕ್ಕೆ ಸೇರಬೇಕಿತ್ತು. ನಾನು ಪಕ್ಕದಲ್ಲಿ ಸುಮ್ನೆ ಕೂತೆ, ಬಾಯಿ ಬಿಡಬಾರದು ಅಂತ ನಿರ್ಧಾರ ಮಾಡಿಕೊಂಡು.

ಮೊದಲ ಪೆಟ್ಟು ಹುಟ್ಟಿದ ದಿನಾಂಕದಲ್ಲಿ. ಆ ಖಾನೆ ಒತ್ತಿದರೆ ಕ್ಯಾಲೆಂಡರ್ ತೆರೆಯುತ್ತದೆ, ಈ ತಿಂಗಳದ್ದು. ಚಿಕ್ಕಮ್ಮ ಹುಟ್ಟಿದ್ದು 1958ರಲ್ಲಿ. ಅವರು ಹಿಂದಿನ ತಿಂಗಳ ಬಾಣ ಒತ್ತುತ್ತಾ ಹೋದರು. ಒತ್ತುತ್ತಲೇ ಇದ್ದರು. ಎರಡು ವರ್ಷ ಹಿಂದೆ ಹೋಗುವಷ್ಟರಲ್ಲಿ ಕೈ ನೋವು ಬಂತು. “ಇದೇನೋ, ನಾನು ಹುಟ್ಟೋವರೆಗೂ ಹೀಗೇ ಒತ್ತಬೇಕೇನೋ?” ಮೇಲಿರುವ ಇಸವಿಯ ಮೇಲೆ ಬೆರಳಿಟ್ಟರೆ ವರ್ಷಗಳ ಪಟ್ಟಿ ಬರುತ್ತದೆ ಅಂತ ನನಗೆ ಗೊತ್ತು. ಅದು ಒತ್ತುವಂಥದ್ದು ಅನ್ನುವುದಕ್ಕೆ ಅಲ್ಲಿ ಒಂದು ಗುರುತೂ ಇಲ್ಲ.

ಎರಡನೆಯದು ಫೋನ್ ನಂಬರ್. ಐದು ಅಂಕಿ ಬರೆದು, ಒಂದು ಸ್ಪೇಸ್ ಬಿಟ್ಟು, ಮತ್ತೆ ಐದು ಬರೆದರು. ತಪ್ಪು ಅಂತ ಕೆಂಪಕ್ಷರ ಬಂತು. ಏನು ತಪ್ಪು ಅಂತ ಬರಲಿಲ್ಲ. ಆ ಸ್ಪೇಸನ್ನು ನನ್ನ ಕೋಡೇ ತೆಗೆದುಹಾಕಬಹುದಿತ್ತು, ಒಂದು ಸಾಲಿನ ಕೆಲಸ, ಅದರ ಬದಲು 1958ರಲ್ಲಿ ಹುಟ್ಟಿದವರ ಮೇಲೆ ಹೊರೆ ಹಾಕಿದ್ದೆ.

ಮೂರನೆಯದು ಕಳಿಸುವ ಬಟನ್. ಒತ್ತಿದರು. ಮೂರು ಸೆಕೆಂಡು ಪರದೆ ಮೇಲೆ ಏನೂ ಆಗಲಿಲ್ಲ. “ಒತ್ತಿದ್ರೂ ಏನೂ ಆಗ್ತಿಲ್ಲ ಕಣೋ” ಅಂತ ಮತ್ತೆ ಒತ್ತಿದರು. ಸಂಘದಲ್ಲಿ ಈಗ ನಮ್ಮ ಚಿಕ್ಕಮ್ಮ ಇಬ್ಬರಿದ್ದಾರೆ. ಒಳಗೆ ಏನು ನಡೀತಿದೆ ಅಂತ ಬಳಸುವವರಿಗೆ ಯಾವಾಗಲೂ ಗೊತ್ತಾಗುತ್ತಿರಬೇಕು, ಇದು ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 1994ರಲ್ಲಿ ಕೊಟ್ಟ ಹತ್ತು ಸೂತ್ರಗಳಲ್ಲಿ ಮೊದಲನೆಯದು. ಒಂದು ಸೆಕೆಂಡು ದಾಟಿದರೆ ಮನಸ್ಸು ಕೆಲಸದ ಎಳೆ ಬಿಡಲು ಶುರು ಮಾಡುತ್ತದೆ, ಹತ್ತು ದಾಟಿದರೆ ಗಮನ ಬೇರೆ ಕಡೆ ಹೋಗಿರುತ್ತದೆ ಅಂತಲೂ ಅವರೇ ಬರೆದಿದ್ದಾರೆ. ನಾನು ಅದನ್ನೆಲ್ಲ ಓದಿದ್ದೆ. ಓದಿದ್ದು ಬೇರೆ, ಪಕ್ಕದಲ್ಲಿ ಕೂತು ನೋಡಿದ್ದು ಬೇರೆ.

ಈ ಮೂರರಲ್ಲಿ ಒಂದಕ್ಕೂ ಲೈಟ್‌ಹೌಸ್ ಅಂಕ ಕಳೆದಿರಲಿಲ್ಲ. ಅದರ ತಪ್ಪೂ ಅಲ್ಲ. ಅದು ಪುಟ ತೆರೆಯುವುದನ್ನು ನೋಡುತ್ತದೆ, ತುಂಬಿಸುವುದನ್ನು ನೋಡುವುದಿಲ್ಲ. ಟೈಮ್‌ಸ್ಪ್ಯಾನ್ ಅಂತ ಇನ್ನೊಂದು ಬಗೆ ಇದೆ, ಅದನ್ನು ಶುರು ಮಾಡಿ ನೀವೇ ಪುಟದಲ್ಲಿ ಒತ್ತಿ ಆಡಿದರೆ ಆ ಹೊತ್ತಿನ ಅಳತೆ ಸಿಗುತ್ತದೆ. ಸ್ನ್ಯಾಪ್‌ಶಾಟ್ ಅಂತ ಮತ್ತೊಂದು, ಮೆನು ತೆರೆದಿರುವಾಗ ಅಥವಾ ಫಾರಂನಲ್ಲಿ ಕೆಂಪಕ್ಷರ ಬಂದಿರುವಾಗ ಆ ಸ್ಥಿತಿಯಲ್ಲೇ ತಪಾಸಣೆ ಮಾಡುತ್ತದೆ. ಇವೆರಡನ್ನೂ ಬಳಸಿ. ಆದರೂ ಇವು ಚಿಕ್ಕಮ್ಮನ ಕೆಲಸ ಮಾಡುವುದಿಲ್ಲ.

ಆಕ್ಸೆಸಿಬಿಲಿಟಿಯ 100 ಅಂತೂ ಇನ್ನೂ ಮೋಸದ್ದು. ಚಿತ್ರಕ್ಕೆ ವಿವರಣೆಯ ಆಲ್ಟ್ ಪಠ್ಯ ಇದೆಯೇ ಅಂತ ನೋಡುತ್ತದೆ, ಅದರಲ್ಲಿ ಏನು ಬರೆದಿದ್ದೀರಿ ಅಂತ ಅರ್ಥ ಮಾಡಿಕೊಳ್ಳುವುದಿಲ್ಲ, ಸುಮ್ನೆ “ಚಿತ್ರ” ಅಂತ ಬರೆದಿದ್ದರೂ ಬಿಡುತ್ತದೆ. ನನ್ನ ಸೈಟಿನಲ್ಲಿ ಪುಟದ ಭಾಷೆ ಇಂಗ್ಲಿಷ್ ಅಂತ ಗುರುತಾಗಿತ್ತು, ಟೆಂಪ್ಲೇಟಿನಿಂದ ಬಂದದ್ದು. ಒಳಗಿರುವುದೆಲ್ಲ ಕನ್ನಡ. ಭಾಷೆಯ ಗುರುತು ಇದೆ, ಸರಿಯಾದ ಸಂಕೇತವೂ ಹೌದು, ಆದ್ದರಿಂದ ಲೈಟ್‌ಹೌಸ್ ಪಾಸ್ ಮಾಡಿತು. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಆ ಗುರುತು ನೋಡಿಯೇ ಯಾವ ಭಾಷೆಯ ದನಿಯಲ್ಲಿ ಓದಬೇಕು ಅಂತ ತೀರ್ಮಾನಿಸುತ್ತದೆ, ಅಲ್ವಾ? ಇಂಗ್ಲಿಷ್ ದನಿ ಕನ್ನಡ ಓದಲು ಹೊರಟರೆ ಏನಾಗುತ್ತದೆ ಅಂತ ನೀವೇ ಒಮ್ಮೆ ಕೇಳಿ ನೋಡಿ.

ಒತ್ತಕ್ಷರದ ಕಥೆಯೂ ಹಾಗೇ. ಇಂಗ್ಲಿಷಿಗೆ ಅಂತ ಮಾಡಿದ ಟೆಂಪ್ಲೇಟುಗಳಲ್ಲಿ ಶೀರ್ಷಿಕೆಯ ಸಾಲುಗಳ ನಡುವೆ ಜಾಗ ತೀರಾ ಕಡಿಮೆ ಇರುತ್ತದೆ. ಕನ್ನಡ ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ, ಕೆಲವು ಕಡೆ ಒತ್ತಿನ ಬುಡವೇ ಕತ್ತರಿಸಿ ಹೋಗುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.2 ಪಟ್ಟಿನಿಂದ 1.6ಕ್ಕೆ ಏರಿಸಿದ ಮೇಲೆ ನನ್ನ ಪುಟ ಉಸಿರಾಡಿತು. ಇದನ್ನು ಯಾವ ಅಂಕವೂ ಹೇಳಲಿಲ್ಲ.

ಅಂಕದ ಬಗ್ಗೆ ಇನ್ನೊಂದು ಮಾತು. ಒಂದೇ ಪುಟಕ್ಕೆ ಐದು ಸಲ ಓಡಿಸಿದರೆ ಐದು ಬೇರೆ ಅಂಕ ಬರಬಹುದು. ನೆಟ್‌ವರ್ಕ್, ಕಂಪ್ಯೂಟರಿನ ಆ ಹೊತ್ತಿನ ಹೊರೆ, ಬ್ರೌಸರಿನ ಎಕ್ಸ್‌ಟೆನ್ಶನ್‌ಗಳು, ಎಲ್ಲವೂ ಕೈ ಹಾಕುತ್ತವೆ. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಮೂರು ನಾಲ್ಕು ಸಲ ಓಡಿಸಿ ಮಧ್ಯದ್ದನ್ನು ಹಿಡಿಯಿರಿ. ನಿಜವಾದ ಜನರ ಫೋನಿನಲ್ಲಿ ಏನಾಗುತ್ತಿದೆ ಅಂತ ಬೇಕಿದ್ದರೆ ಗೂಗಲ್‌ನವರದೇ ಇನ್ನೊಂದು ಸಾಧನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಕಳೆದ 28 ದಿನಗಳ ಲೆಕ್ಕ ಸಿಗುತ್ತದೆ, ಆದರೆ ನೋಡುವವರು ಸಾಕಷ್ಟು ಇರುವ ಸೈಟಿಗೆ ಮಾತ್ರ. ನಮ್ಮ ಸಂಘದ ಸೈಟಿಗೆ ಅಲ್ಲಿ ಖಾಲಿ ಜಾಗ.

ಹಾಗಾದರೆ ಬಳಸಬೇಕಾ? ಬಳಸಿ, ಪ್ರತಿ ಸಲ ಬಳಸಿ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ತಪ್ಪು ಎಲ್ಲಿದೆ ಅಂತ ಕೋಡಿನ ಸಾಲಿನ ಸಮೇತ ತೋರಿಸುತ್ತದೆ, ಯಾಕೆ ತಪ್ಪು ಅಂತ ಓದಲು ಕೊಂಡಿ ಕೊಡುತ್ತದೆ, ಕಲಿಯುವವರಿಗೆ ಇದಕ್ಕಿಂತ ತಾಳ್ಮೆಯ ಮೇಷ್ಟ್ರು ಸಿಗುವುದು ಕಷ್ಟ. ಇನ್ನೊಂದು ನಕ್ಷತ್ರ ಆ ಹಸಿರು ವೃತ್ತಕ್ಕೆ ಕಳೆದದ್ದು. ಅದು ಬಂದ ಕೂಡಲೇ ಕೆಲಸ ಮುಗಿಯಿತು ಅಂತ ಅನ್ನಿಸುತ್ತದೆ, ನನಗಂತೂ ಅನ್ನಿಸಿತು. ಅದು ಮುಗಿದ ಮೇಲೆ ಐದು ಜನರ ಕೈಗೆ ಫೋನ್ ಕೊಟ್ಟು ಸುಮ್ಮನೆ ಕೂರಿ. ಐದೇ ಯಾಕೆ ಅಂದರೆ, ಅಷ್ಟರಲ್ಲೇ ಬಹುಪಾಲು ತೊಂದರೆ ಹೊರಬೀಳುತ್ತದೆ ಅಂತ ನೀಲ್ಸನ್ 2000ದಲ್ಲೇ ವಾದಿಸಿದ್ದರು. ನನಗೆ ಒಬ್ಬರಲ್ಲೇ ಮೂರು ಸಿಕ್ಕಿತು.

ಈಗ ದಿನಾಂಕಕ್ಕೆ ದಿನ, ತಿಂಗಳು, ವರ್ಷ ಅಂತ ಮೂರು ಪುಟ್ಟ ಖಾನೆ ಇಟ್ಟಿದ್ದೇನೆ, ಟೈಪ್ ಮಾಡಿದರಾಯಿತು. ಬ್ರಿಟನ್ ಸರ್ಕಾರದ ಸೈಟುಗಳ ವಿನ್ಯಾಸ ಕೈಪಿಡಿ ಕೂಡ ಹುಟ್ಟಿದ ದಿನಾಂಕಕ್ಕೆ ಇದನ್ನೇ ಹೇಳುತ್ತದೆ. ಸ್ಪೇಸ್ ಬಿಟ್ಟರೆ ಕೋಡೇ ತೆಗೆಯುತ್ತದೆ. ಬಟನ್ ಒತ್ತಿದ ಕೂಡಲೇ “ಕಳಿಸುತ್ತಿದ್ದೇವೆ” ಅಂತ ಬರುತ್ತದೆ, ಎರಡನೇ ಸಲ ಒತ್ತಲು ಆಗುವುದಿಲ್ಲ. ಒತ್ತಕ್ಷರ ಎಲ್ಲ ಫೋನಿನಲ್ಲೂ ಒಂದೇ ಥರ ಕಾಣಲಿ ಅಂತ ಕನ್ನಡದ ಒಂದು ಫಾಂಟನ್ನೂ ಸೈಟಿನ ಜೊತೆಗೇ ಕಳಿಸುತ್ತಿದ್ದೇನೆ. ಒತ್ತು, ಗುಣಿತದ ಆಕಾರಗಳೆಲ್ಲ ಸೇರಿ ಅದರ ಕಡತ ಸ್ವಲ್ಪ ದಪ್ಪ, ಹಾಗಾಗಿ ವೇಗದ ಅಂಕ 97ರಿಂದ 92ಕ್ಕೆ ಇಳಿದಿದೆ. ಇಳಿಯಲಿ ಅಂತ ಬಿಟ್ಟಿದ್ದೇನೆ.