ಬಿಳಿ ಗೋಡೆ, ಪುಟ್ಟ ಟಾರ್ಗೆಟ್, ಲೇಸರ್, ಸ್ಕ್ಯಾಟ್: ಡ್ರೈ ಫೈರ್‌ಗೆ ಯಾವುದು ಸರಿ?

10 ಮೀಟರ್ ಏರ್ ಪಿಸ್ತೂಲಿನಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಬರೀ 11.5 ಮಿ.ಮೀ. ಕೈ ಎಲ್ಲರದೂ ಅಲುಗುತ್ತದೆ. ಅಂಕ ಕೆಡುವುದು ಅದಕ್ಕಿಂತ ಹೆಚ್ಚಾಗಿ ಬೆರಳು ಟ್ರಿಗರನ್ನು ಕಿತ್ತಾಗ. ಅದನ್ನು ತಿದ್ದುವುದು ಡ್ರೈ ಫೈರ್, ಅಂದರೆ ಪೆಲೆಟ್ (ಪುಟ್ಟ ಗುಂಡು) ಹಾಕದೆ ಬರೀ ಟ್ರಿಗರ್ ಒತ್ತುವ ಅಭ್ಯಾಸ. ಅದಕ್ಕೆ ಬಳ್ಳಾರಿಯ ಮನೆಯ ಪಡಸಾಲೆಯೇ ಸಾಕು. ಎದುರಿಗೆ ಏನಿರಬೇಕು ಅನ್ನುವುದರಲ್ಲೇ ಭಿನ್ನಾಭಿಪ್ರಾಯ. ಎಲ್ಲವನ್ನೂ ಬಳಸಿ ನೋಡಿದ ಮೇಲಿನ ಮಾತು ಇದು.

ಮೊದಲು ಪಿಸ್ತೂಲು. ಡ್ರೈ ಫೈರ್ ವ್ಯವಸ್ಥೆ ಇರುವ ಪಿಸಿಪಿ (ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹಾರಿಸುವಂಥದ್ದು) ಆದರೆ ತೊಂದರೆಯಿಲ್ಲ. ಸ್ಪ್ರಿಂಗ್ ಪಿಸ್ತೂಲಿನಲ್ಲಿ ಬೇಡವೇ ಬೇಡ: ಪೆಲೆಟ್ ಇಲ್ಲದಿದ್ದರೆ ಗಾಳಿಯ ತಡೆ ಸಿಗದೆ ಪಿಸ್ಟನ್ ಹೋಗಿ ಬಡಿಯುತ್ತದೆ, ಸೀಲು ಹಾಳು. ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿರಲಿ, ಪ್ರತಿ ಸಲ ಬ್ರೀಚ್ (ಪೆಲೆಟ್ ಹಾಕುವ ಬಾಯಿ) ತೆರೆದು ನೋಡಿ, ಗೋಡೆಯ ಕಡೆ ಯಾರೂ ಓಡಾಡಬಾರದು. ಟ್ರಿಗರ್ ತೂಕ ನಿಯಮದಂತೆ ಕನಿಷ್ಠ 500 ಗ್ರಾಂ. ಅರ್ಧ ಲೀಟರ್ ನೀರು ತುಂಬಿದ ಬಾಟಲಿಯನ್ನು ದಾರದಿಂದ ಟ್ರಿಗರ್‌ಗೆ ತೂಗುಬಿಟ್ಟು, ನಳಿಗೆ ಮೇಲ್ಮುಖವಾಗಿ ಹಿಡಿದು ಎತ್ತಿ. ಟ್ರಿಗರ್ ಬಿಡದಿದ್ದರೆ ಸರಿ. ಮನೆಯಲ್ಲಿ ಹಗುರ ಮಾಡಿಕೊಂಡರೆ ಪಂದ್ಯದಲ್ಲಿ ಬೆರಳು ತಬ್ಬಿಬ್ಬಾಗುತ್ತದೆ.

ಬೆರಳಿಗೆ ಪಾಠ ಕಲಿಸುವುದರಲ್ಲಿ ಬಿಳಿ ಗೋಡೆಯನ್ನು ಮೀರಿಸಿದ್ದು ಯಾವುದೂ ಇಲ್ಲ. ಕಾರಣ ಲೆಕ್ಕದಲ್ಲೇ ಇದೆ. ಗುರಿ ಹಿಡಿಯುವ ಎರಡು ಸೈಟುಗಳ (ನಳಿಗೆಯ ತುದಿಯ ಫ್ರಂಟ್ ಸೈಟ್, ಹಿಂದಿನ ಸಂದಿಯಿರುವ ಸೈಟ್) ನಡುವೆ 320 ಮಿ.ಮೀ. ಅಂತರವಿದ್ದರೆ, ಫ್ರಂಟ್ ಸೈಟ್ ಸಂದಿಯೊಳಗೆ ಅರ್ಧ ಮಿ.ಮೀ. ಓರೆಯಾದರೂ ಪೆಲೆಟ್ 10 ಮೀಟರಿನಲ್ಲಿ 15 ಮಿ.ಮೀ.ಗಿಂತ ಹೆಚ್ಚು ತಪ್ಪುತ್ತದೆ. ಅದೇ ಇಡೀ ಪಿಸ್ತೂಲು ನೇರವಾಗಿಯೇ ಅರ್ಧ ಮಿ.ಮೀ. ಸರಿದರೆ ತಪ್ಪುವುದೂ ಅರ್ಧ ಮಿ.ಮೀ. ಮಾತ್ರ. ಗೋಡೆಯಲ್ಲಿ ಕಪ್ಪು ವೃತ್ತವಿಲ್ಲ, ಕಣ್ಣಿಗೆ ಫ್ರಂಟ್ ಸೈಟ್ ಬಿಟ್ಟು ಬೇರೆ ಗತಿಯಿಲ್ಲ.

ಕೈ ಮೇಲಿನಿಂದ ಇಳಿಯುವಾಗಲೇ ಟ್ರಿಗರಿನ ಮೊದಲ ಹಂತ ಮುಗಿಸಿ. ಎರಡನೆಯದರಲ್ಲಿ ಒತ್ತಡ ನಿಲ್ಲದೆ ಏರುತ್ತಿರಲಿ. ಕ್ಲಿಕ್ ಆದ ಮೇಲೂ ಎರಡು ಸೆಕೆಂಡ್ ಹಾಗೇ ನೋಡುತ್ತಿರಿ. ಬಲಗೈಯವರಲ್ಲಿ ಸೈಟ್ ಎಡಕ್ಕೆ ಸರಿದರೆ ಬೆರಳ ತುದಿ ಪಕ್ಕಕ್ಕೆ ನೂಕುತ್ತಿದೆ. ಮೊದಲ ಗೆಣ್ಣಿನ ಮೆತ್ತೆಯ ನಡುಭಾಗ ತಾಗಬೇಕು. ಎಡಕ್ಕೂ ಕೆಳಕ್ಕೂ ಕುಸಿದರೆ ಉಳಿದ ಬೆರಳುಗಳೂ ಜೊತೆಗೇ ಹಿಂಡುತ್ತಿವೆ. ಹತ್ತು ಸೆಕೆಂಡಿನೊಳಗೆ ಕ್ಲಿಕ್ ಆಗದಿದ್ದರೆ ಕೈ ಇಳಿಸಿಬಿಡಿ. ಒಂದು ಸಲಕ್ಕೆ ಮೂವತ್ತು–ನಲವತ್ತು ಕ್ಲಿಕ್ ಧಾರಾಳ.

ನಮ್ಮ ಕಡೆ ಬೇಸಿಗೆಯಲ್ಲಿ ಅಂಗೈ ಬೆವರಿ ಹಿಡಿ ಜಾರುತ್ತದೆ, ಬೆರಳು ಜಾಗ ತಪ್ಪುತ್ತದೆ. ಬೆಳಿಗ್ಗೆ ಎಂಟರೊಳಗೆ ಮುಗಿಸುವುದು ಲೇಸು. ಸಂಡೂರಿನ ಕಡೆಯವರಿಗೆ ಕೆಂಧೂಳಿನ ಕಾಟ ಬೇರೆ. ಟ್ರಿಗರ್ ಸಂದಿಗೆ ಒಣ ಬ್ರಷ್ ಆಡಿಸಿ, ಎಣ್ಣೆ ಬಿಟ್ಟರೆ ಧೂಳು ಅಂಟಿ ಇನ್ನಷ್ಟು ಗರಗರ.

ಪುಟ್ಟ ಟಾರ್ಗೆಟ್ ಆಮೇಲಿನ ಮೆಟ್ಟಿಲು. 10 ಮೀಟರ್ ಟಾರ್ಗೆಟ್ಟಿನ 59.5 ಮಿ.ಮೀ. ಕಪ್ಪು ವೃತ್ತ 5 ಮೀಟರಿಗೆ 30 ಮಿ.ಮೀ. ಆಗುತ್ತದೆ, 3 ಮೀಟರಿಗೆ 18. ಎತ್ತರದಲ್ಲಿ ಹಲವರು ಎಡವುತ್ತಾರೆ: ರೇಂಜಿನಲ್ಲಿ ನಡುಬಿಂದು 1.40 ಮೀಟರ್. ಕಣ್ಣು 1.55ರಲ್ಲಿದ್ದರೆ 5 ಮೀಟರಿನಲ್ಲಿ 1.475ಕ್ಕೆ ಅಂಟಿಸಬೇಕು, ಇಲ್ಲವಾದರೆ ತೋಳಿನ ಕೋನವೇ ಬೇರೆ. ಇದರ ದೋಷ ಅಂದರೆ, ಕಪ್ಪು ಸರಿಯಾಗಿ ಕೂತ ಕ್ಷಣಕ್ಕೆ ಕಾದು 'ಈಗ' ಎಂದು ಕೀಳುವ ಚಟ ಹತ್ತುತ್ತದೆ. ಚಟ ಕಂಡ ದಿನವೇ ಹಾಳೆ ತೆಗೆದು ಮತ್ತೆ ಗೋಡೆಗೆ ಬನ್ನಿ.

ನಳಿಗೆಯ ಮೇಲೆ ನಾಣ್ಯ ಇಡುವುದು ಪರೀಕ್ಷೆಗೆ ಓಕೆ. ಕಡಪಾ ಕಲ್ಲಿನ ಮೇಲೆ ಠಣ್ ಎಂದಾಗ ತಪ್ಪಾಗಿದೆ ಅಂತ ಗೊತ್ತಾಗುತ್ತದೆ, ಏನು ತಪ್ಪು ಅಂತಲ್ಲ.

ಲೇಸರ್ ಮಾತ್ರ ದುಡ್ಡು ದಂಡ. ಕೆಂಪು ಚುಕ್ಕಿ ಕಣ್ಣನ್ನು ಫ್ರಂಟ್ ಸೈಟಿನಿಂದ ಗೋಡೆಗೆ ಎಳೆಯುತ್ತದೆ, ನಳಿಗೆಗೆ ಕಟ್ಟಿದ ಭಾರದಿಂದ ಸಮತೋಲ ತಪ್ಪುತ್ತದೆ. ಹಗಲಲ್ಲಿ ಚುಕ್ಕಿ ಕಾಣಲು ಕಿಟಕಿ ಮುಚ್ಚಬೇಕು. ಏಪ್ರಿಲ್ ಬಳ್ಳಾರಿಯಲ್ಲಿ ಅದು ಆಗದ ಮಾತು.

ಸ್ಕ್ಯಾಟ್, ಅಂದರೆ ಗುರಿಯ ಅಲುಗಾಟವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಸೆನ್ಸರ್, ನಿಜ ಹೇಳುತ್ತದೆ, ಬೆಲೆಯೂ ಹಾಗೇ ಇದೆ. ಪರದೆಯ ಗೆರೆಯಲ್ಲಿ ಹಸಿರು ಗುರಿಯಿಡುವುದು, ಹಳದಿ ಕೊನೆಯ ಒಂದು ಸೆಕೆಂಡ್, ನೀಲಿ ಕೊನೆಯ 0.2 ಸೆಕೆಂಡ್, ಕೆಂಪು ಕ್ಲಿಕ್ ನಂತರದ್ದು. ಟ್ರಿಗರ್‌ಗಾಗಿ ನೀಲಿಯನ್ನಷ್ಟೇ ನೋಡಿ: ಗಿಡ್ಡವಾಗಿ ಸುತ್ತಿಕೊಂಡಿದ್ದರೆ ಬೆರಳು ಸರಿಯಿದೆ, ಒಂದೇ ದಿಕ್ಕಿಗೆ ಉದ್ದ ಓಡಿದ್ದರೆ ಕಿತ್ತಿದ್ದೀರಿ. ದಿನಾ ಬೇಕಾಗುವ ವಸ್ತುವಲ್ಲ, ನಾಲ್ಕೈದು ಜನ ಸೇರಿ ಕೊಂಡರೆ ಸಾಕು. ಟಾರ್ಗೆಟ್ ಮೇಲೆ ಬೆಳಕು ಸಮವಾಗಿ ಬೀಳಬೇಕು, ಕರೆಂಟ್ ಹೋದರೆ ಸೆನ್ಸರ್ ಕಪ್ಪನ್ನೇ ಕಳೆದುಕೊಳ್ಳುತ್ತದೆ. ಆ ದೀಪದ ವೈರನ್ನು ಇನ್ವರ್ಟರ್ ಲೈನಿಗೆ ಹಾಕಿಸಿಕೊಳ್ಳಿ.