ಅಮ್ಮನ ಕಿವಿಗೆ ನಾವು ಬಳಸಿ ನೋಡಿದ ಶ್ರವಣ ಸಾಧನಗಳು: ಕೊನೆಗೆ ಉಳಿದದ್ದು ದೊಡ್ಡದೇ

ಎರಡು ವರ್ಷಗಳಲ್ಲಿ ಅಮ್ಮನಿಗಾಗಿ ನಾವು ಬಳಸಿ ನೋಡಿದ ಶ್ರವಣ ಸಾಧನಗಳಲ್ಲಿ, ವಯಸ್ಸಾದವರ ಮನೆಯವರು ಕೇಳಿದರೆ ನಾನು ಧೈರ್ಯವಾಗಿ ಹೆಸರಿಸುವುದು ಒಂದನ್ನೇ: ಕಿವಿಯ ಅಳತೆಗೆ ಮಾಡಿಸಿದ ಅಚ್ಚಿನೊಂದಿಗೆ ಕಿವಿಯ ಹಿಂದೆ ಕೂರುವ ಹಳೆಯ ಮಾದರಿ. ನೋಡಲು ಎಲ್ಲಕ್ಕಿಂತ ದೊಡ್ಡದೂ ಅದೇ. ಅದನ್ನು ಬದಿಗಿಟ್ಟು ಹೊರಗೆ ಕಾಣದಷ್ಟು ಚಿಕ್ಕದನ್ನು ಕೊಂಡ ತಪ್ಪಿಗೆ ನಮ್ಮ ಒಂದು ವರ್ಷ ಹೋಯಿತು. ಆ ವರ್ಷದಲ್ಲಿ ಅಮ್ಮನಿಗೆ ಅರಳುಮರಳು ಶುರುವಾಯಿತೆಂದು ನಾವೆಲ್ಲ ನಂಬಿಯೂಬಿಟ್ಟಿದ್ದೆವು.

ಕಿವಿಯ ತೊಂದರೆ ನನ್ನ ಗಮನಕ್ಕೆ ಬಂದದ್ದು ಒಂದು ಲೋಟ ನೀರಿನಿಂದ. ಅಮ್ಮ ಹೂಜಿಯಿಂದ ನನಗೆ ನೀರು ಬಗ್ಗಿಸುತ್ತಿದ್ದರು. ನಾನು "ಸಾಕಮ್ಮ" ಎಂದೆ, ಮತ್ತೊಮ್ಮೆ "ಸಾಕು, ಸಾಕು" ಎಂದೆ. ಅವರು ನಿಲ್ಲಿಸಲಿಲ್ಲ, ಲೋಟ ತುಂಬಿ ಮೇಜಿನ ಮೇಲೆಲ್ಲ ನೀರು ಹರಿಯಿತು. "ನೀನೇ ಹಾಕು ಹಾಕು ಅಂದ್ಯಲ್ಲೋ" ಎಂದು ಅವರು ನೊಂದುಕೊಂಡು ಕೇಳಿದರು. ವಯಸ್ಸಿನಿಂದ ಬರುವ ಶ್ರವಣದೋಷದಲ್ಲಿ ಮೊದಲು ಮಸುಕಾಗುವುದು ಹೆಚ್ಚಿನ ಕಂಪನಾಂಕದ ಧ್ವನಿಗಳು ಎಂಬುದು ನನಗೆ ಆಗ ತಿಳಿದಿರಲಿಲ್ಲ. ಅ, ಆ, ಉ ಮುಂತಾದ ಸ್ವರಗಳು ತಗ್ಗಿನ ಕಂಪನಾಂಕದಲ್ಲಿ ಬಲವಾಗಿರುವುದರಿಂದ ಉಳಿದುಕೊಳ್ಳುತ್ತವೆ. ಸ, ಶ, ತ, ಕಗಳಂಥ ವ್ಯಂಜನಗಳು ಕೈತಪ್ಪುತ್ತವೆ. "ಸಾಕು" ಎಂಬುದು "ಹಾಕು" ಆಗುವುದು ಹೀಗೆ. ಮಾತನಾಡುತ್ತಿದ್ದಾರೆ ಎಂಬುದು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಕೇಳಿಸಿದ ಅರ್ಧಕ್ಕೆ ಉಳಿದರ್ಧವನ್ನು ಊಹಿಸಿ ಉತ್ತರಿಸಿದಾಗ ಅದು ಅಸಂಬದ್ಧವಾಗಿರುತ್ತದೆ, ಎದುರಿದ್ದವರು ಅದನ್ನು ಬುದ್ಧಿಯ ಮಂಕು ಎಂದುಕೊಳ್ಳುತ್ತಾರೆ.

ಕಿವಿಗೂ ಬುದ್ಧಿಗೂ ಇರುವ ನಂಟು ಹೀಗೆ ತಪ್ಪು ತಿಳಿಯುವುದರಲ್ಲೇ ಮುಗಿಯುವುದಿಲ್ಲ. 2011ರಲ್ಲಿ ಪ್ರಕಟವಾದ ಫ್ರಾಂಕ್ ಲಿನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ 639 ಮಂದಿಯನ್ನು ಸುಮಾರು 12 ವರ್ಷ ಗಮನಿಸಲಾಯಿತು. ಸಹಜ ಶ್ರವಣವಿದ್ದವರಿಗೆ ಹೋಲಿಸಿದರೆ ಡಿಮೆನ್ಷಿಯಾ (ಅರಳುಮರಳಿನ ಕಾಯಿಲೆ) ಬರುವ ಅಪಾಯ ಅಲ್ಪ ಶ್ರವಣದೋಷವಿದ್ದವರಲ್ಲಿ ಸುಮಾರು 2 ಪಟ್ಟು, ಮಧ್ಯಮದಲ್ಲಿ 3 ಪಟ್ಟು, ತೀವ್ರದಲ್ಲಿ ಸುಮಾರು 5 ಪಟ್ಟು ಇತ್ತು. ಡಿಮೆನ್ಷಿಯಾ ಕುರಿತ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಬದಲಿಸಲು ಸಾಧ್ಯವಿರುವ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿದ್ದು, ಅದರ ಪ್ರಕಾರ ಒಟ್ಟು ಡಿಮೆನ್ಷಿಯಾ ಪ್ರಕರಣಗಳಲ್ಲಿ ಶ್ರವಣದೋಷದ ಪಾಲು ಶೇಕಡಾ 7. ಮಾತನ್ನು ಬಿಡಿಸಿಕೊಳ್ಳುವುದಕ್ಕೇ ಮಿದುಳಿನ ಶಕ್ತಿ ಖರ್ಚಾಗಿ ನೆನಪಿಗೆ ಕಡಿಮೆ ಉಳಿಯುವುದು, ಕೇಳಿಸದ ಸಂಕೋಚಕ್ಕೆ ಜನರಿಂದ ದೂರ ಸರಿಯುವುದು, ಧ್ವನಿಯ ಪ್ರಚೋದನೆ ಕುಂದಿ ಮಿದುಳಿನ ಆ ಭಾಗ ಸೊರಗುವುದು ಎಂಬ ಕಾರಣಗಳನ್ನು ತಜ್ಞರು ಮುಂದಿಡುತ್ತಾರೆ. ಕಿವಿ, ಮಿದುಳು ಎರಡನ್ನೂ ಕೆಡಿಸುವ ಮೂಲ ಒಂದೇ ಇರಬಹುದೆಂಬ ವಾದವೂ ಇದೆ.

ನಮ್ಮ ಮೊದಲ ಖರೀದಿ ಜೇಬಿನಲ್ಲಿಟ್ಟುಕೊಳ್ಳುವ ಧ್ವನಿವರ್ಧಕ. ಒಂದು ಪುಟ್ಟ ಪೆಟ್ಟಿಗೆ, ಅದರಿಂದ ಕಿವಿಗೆ ಒಂದು ವೈರು. ಪರೀಕ್ಷೆಯಿಲ್ಲ, ಕಾಯುವಿಕೆಯಿಲ್ಲ, ಖರ್ಚಂತೂ ತೀರ ಕಡಿಮೆ. ಮೈಕ್ರೊಫೋನು ಎದೆಯ ಮೇಲಿರುವುದರಿಂದ ಬಟ್ಟೆಯ ಸರಬರ ಸದ್ದೇ ಮಾತಿಗಿಂತ ಜೋರಾಗಿ ಕೇಳುತ್ತಿತ್ತು. ಅದು ಎಲ್ಲ ಧ್ವನಿಯನ್ನೂ ಒಂದೇ ಸಮನೆ ಎತ್ತುತ್ತದೆ, ಅಮ್ಮನಿಗೆ ಬೇಕಿದ್ದದ್ದು ಕೆಲವು ಧ್ವನಿಗಳಷ್ಟೇ. ಹತ್ತು ದಿನದಲ್ಲಿ ಅದು ಕಪಾಟು ಸೇರಿತು.

ಆಮೇಲೆ ಶ್ರವಣ ಪರೀಕ್ಷಿಸಿ ಸಾಧನ ಹೊಂದಿಸಿಕೊಡುವ ತಜ್ಞರಾದ ಆಡಿಯಾಲಜಿಸ್ಟ್ ಬಳಿ ಹೋದೆವು. ಅಮ್ಮನ ಆಡಿಯೋಗ್ರಾಂನಲ್ಲಿ, ಅಂದರೆ ಯಾವ ಕಂಪನಾಂಕದ ಧ್ವನಿ ಎಷ್ಟು ಜೋರಿದ್ದರೆ ಕೇಳುತ್ತದೆ ಎಂದು ತೋರಿಸುವ ನಕ್ಷೆಯಲ್ಲಿ, ಗೆರೆ ಎಡದಿಂದ ಬಲಕ್ಕೆ ಇಳಿಜಾರಾಗಿ ಇಳಿದಿತ್ತು: 500 ಹರ್ಟ್ಜ್‌ನಲ್ಲಿ 45 ಡೆಸಿಬಲ್, 4,000 ಹರ್ಟ್ಜ್‌ನಲ್ಲಿ 75. ಅವರು ಕಿವಿಯ ಹಿಂದಿನ ಮಾದರಿಯನ್ನೇ ಸೂಚಿಸಿದರು. ಅಮ್ಮ ಒಪ್ಪಲಿಲ್ಲ. "ನಾಲ್ಕು ಜನರ ಎದುರು ಕಿವುಡಿ ಅಂತ ಹಣೆಪಟ್ಟಿ ಕಟ್ಟಿಕೊಂಡು ಓಡಾಡಲೇ?" ಎಂದಾಗ ನಾವೂ ಕರಗಿ, ಕಿವಿಯ ಕಾಲುವೆಯೊಳಗೇ ಅಡಗುವ ಅತಿ ಚಿಕ್ಕ ಜೋಡಿಯನ್ನು ಕೊಂಡೆವು. ಬೆಲೆ ನಮ್ಮ ಕೈ ಮೀರಿಯೇ ಇತ್ತು. ಮೊದಲ ಎರಡು ತಿಂಗಳು ಅದು ಸಾರ್ಥಕವೆನಿಸಿತು. ಅಮ್ಮ ಫೋನಿನಲ್ಲಿ ಅತ್ತೆಯೊಂದಿಗೆ ಅರ್ಧ ಗಂಟೆ ಮಾತನಾಡಿದ್ದನ್ನು ನಾನೇ ನೋಡಿದ್ದೇನೆ.

ಮೂರನೆಯ ತಿಂಗಳಲ್ಲಿ ಕಾಟ ಕೊಡಲು ಶುರುಮಾಡಿದ್ದು ಕಿವಿಯ ಗುಗ್ಗೆ. ಈ ಚಿಕ್ಕ ಸಾಧನದ ತುದಿ ಗುಗ್ಗೆ ಇರುವ ಜಾಗದಲ್ಲೇ ಹೋಗಿ ಕೂರುತ್ತದೆ. ಅದನ್ನು ತಡೆಯಲೆಂದು ಧ್ವನಿ ಹೊರಬರುವ ರಂಧ್ರಕ್ಕೆ ಸಾಸಿವೆ ಕಾಳಿಗಿಂತಲೂ ಸಣ್ಣದೊಂದು ಬಿಳಿ ಫಿಲ್ಟರ್ ಇರುತ್ತದೆ. ಅದು ತುಂಬಿದರೆ ಸಾಧನದೊಳಗೆ ಎಲ್ಲ ಸರಿಯಿದ್ದರೂ ಹೊರಗೆ ಸದ್ದು ಬರುವುದಿಲ್ಲ. ಬದಲಿಸಲು ಎರಡು ತುದಿಯ ಒಂದು ಕಡ್ಡಿ ಕೊಡುತ್ತಾರೆ: ಒಂದು ತುದಿಯನ್ನು ಹಳೆಯ ಫಿಲ್ಟರಿಗೆ ಒತ್ತಿ ನೇರವಾಗಿ ಎಳೆಯಬೇಕು, ಕಡ್ಡಿಯನ್ನು ತಿರುಗಿಸಿ ಇನ್ನೊಂದು ತುದಿಯಲ್ಲಿರುವ ಹೊಸದನ್ನು ಅದೇ ರಂಧ್ರಕ್ಕೆ ಒತ್ತಬೇಕು. ನನಗೇ ಕನ್ನಡಕ ಹಾಕಿಕೊಂಡು, ದೀಪದ ಕೆಳಗೆ, ಎರಡನೆಯ ಪ್ರಯತ್ನಕ್ಕೆ ಸಾಧ್ಯವಾಗುವ ಕೆಲಸವಿದು. 76 ವರ್ಷದ, ಬೆರಳ ತುದಿಗೆ ಸ್ಪರ್ಶ ಅಷ್ಟಾಗಿ ತಿಳಿಯದ ಅಮ್ಮನಿಂದ ಅದು ಹೇಗೆ ಸಾಧ್ಯವಾಗುತ್ತದೆ? ಕೊಳ್ಳುವಾಗ ಅವರ ಕೈಗೆ ಆ ಕಡ್ಡಿ ಕೊಟ್ಟು ಒಮ್ಮೆ ಮಾಡಿಸಿ ನೋಡಬೇಕೆಂದು ನಮಗೆ ಹೊಳೆಯಲಿಲ್ಲ, ಅಂಗಡಿಯವರೂ ಹೇಳಲಿಲ್ಲ.

ಫಿಲ್ಟರ್ ಕಟ್ಟಿಕೊಂಡದ್ದು ಅಮ್ಮನಿಗೆ ಗೊತ್ತಾಗಲಿಲ್ಲ. ಇಷ್ಟು ದುಬಾರಿ ವಸ್ತು ಕೆಟ್ಟಿತೆಂದು ಹೇಳುವುದಕ್ಕೂ ಅವರಿಗೆ ಸಂಕೋಚ. ಸದ್ದು ಬರದ ಆ ಸಾಧನ ಕಿವಿಯಲ್ಲಿ ಬಿರಡೆಯಂತೆ ಕೂತು, ಇದ್ದಷ್ಟು ಶ್ರವಣವನ್ನೂ ಮುಚ್ಚಿತು. ಮೂರು ವಾರ ಅವರು ಹಾಗೆಯೇ ಇದ್ದರು. ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು, ಹೇಳಿದ ಕೆಲಸ ಮರೆಯುತ್ತಿದ್ದರು, ಸಂಜೆಯಾದರೆ ಕೋಣೆ ಬಿಟ್ಟು ಬರುತ್ತಿರಲಿಲ್ಲ. ಕಿವಿಯಲ್ಲಿ ಸಾಧನವಿದ್ದುದರಿಂದ ನಮಗೆ ಕಿವಿಯ ಮೇಲೆ ಅನುಮಾನವೇ ಬರಲಿಲ್ಲ, ಮನಸ್ಸಿನ ಮೇಲೆ ಬಂತು.

ಆ ವಾರಗಳಲ್ಲೇ ನಾವು ಅವರನ್ನು ನೆನಪಿನ ಪರೀಕ್ಷೆಗೆ ಕರೆದೊಯ್ದೆವು. ಮೋಕಾ ಎಂದು ಕರೆಯುವ ಆ ಪರೀಕ್ಷೆಗೆ ಒಟ್ಟು 30 ಅಂಕ. 26 ಮತ್ತು ಅದಕ್ಕೂ ಮೇಲೆ ಬಂದರೆ ಸಹಜವೆಂದು ಲೆಕ್ಕ. ಐದು ಪದಗಳನ್ನು ಓದಿ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳುತ್ತಾರೆ, ಅಂಕಿಗಳನ್ನು ಹೇಳಿ ತಿರುಗುಮುರುಗಾಗಿ ಒಪ್ಪಿಸಲು ಹೇಳುತ್ತಾರೆ, ವಾಕ್ಯವನ್ನು ಇದ್ದ ಹಾಗೆಯೇ ಮರುನುಡಿಯಲು ಹೇಳುತ್ತಾರೆ. ಇವೆಲ್ಲವೂ ಕಿವಿಯ ಮೂಲಕವೇ ಒಳಗೆ ಹೋಗಬೇಕು. ಅಮ್ಮನಿಗೆ 18 ಬಂತು. ನಾನು ಪಕ್ಕದಲ್ಲೇ ಕೂತಿದ್ದೆ: ಅವರು ನೆನಪಿನಿಂದ ಹೇಳಿದ ಒಂದು ಪದ ಪಟ್ಟಿಯಲ್ಲಿ ಇರಲಿಲ್ಲ, ಆದರೆ ಪಟ್ಟಿಯ ಇನ್ನೊಂದು ಪದಕ್ಕೆ ಸರಿಯಾಗಿ ಪ್ರಾಸವಾಗುತ್ತಿತ್ತು. ಮರೆತವರು ಪ್ರಾಸ ಹುಡುಕಿ ಹೇಳುವುದಿಲ್ಲ. ಅವರು ತಮಗೆ ಕೇಳಿಸಿದ್ದನ್ನು ನೆನಪಿಟ್ಟುಕೊಂಡು ಹಾಗೆಯೇ ಒಪ್ಪಿಸಿದ್ದರು. ಮರುದಿನ ಆಡಿಯಾಲಜಿಸ್ಟ್ ಸಾಧನವನ್ನು ತೆರೆದು, ಗುಗ್ಗೆಯಿಂದ ಕಂದು ಬಣ್ಣಕ್ಕೆ ತಿರುಗಿದ ಎರಡು ಫಿಲ್ಟರ್‌ಗಳನ್ನು ಬಿಳಿ ಕಾಗದದ ಮೇಲೆ ಇಟ್ಟು ನಮಗೆ ತೋರಿಸಿದರು. ಕೆಲವು ತಿಂಗಳ ನಂತರ, ಚೆನ್ನಾಗಿ ಕೇಳುವ ಸ್ಥಿತಿಯಲ್ಲಿ, ನಿಶ್ಶಬ್ದವಾದ ಕೋಣೆಯಲ್ಲಿ ಅದೇ ಪರೀಕ್ಷೆ ಮಾಡಿದಾಗ 24 ಬಂತು. ಅಂದರೆ ಸ್ವಲ್ಪ ಮರೆವು ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾವು ಹೆದರಿದಷ್ಟಿಲ್ಲ.

ಬ್ಯಾಟರಿಯ ಕಥೆಯೂ ಅಷ್ಟೇ. ಚಿಕ್ಕ ಸಾಧನಕ್ಕೆ ಹಾಕುವ 10ನೇ ಅಳತೆಯದು 6 ಮಿಲಿಮೀಟರ್ ಕೂಡ ಅಗಲವಿಲ್ಲ. ಕಿವಿಯ ಹಿಂದಿನದಕ್ಕೆ ಹಾಕುವ 13ನೇ ಅಳತೆಯದು ಸುಮಾರು 8. ಎರಡು ಮಿಲಿಮೀಟರ್ ಏನು ಮಹಾ ಎನಿಸಬಹುದು, ಆದರೆ ಒಂದು ಅಮ್ಮನ ಬೆರಳಿಗೆ ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ.

ಕಾಲುವೆಯೊಳಗೆ ತೆಳು ತಂತಿಯ ಸ್ಪೀಕರ್ ಇಳಿಯುವ, ಕಿವಿಯ ಹಿಂದೆ ಪುಟ್ಟ ಭಾಗವಷ್ಟೇ ಕೂರುವ ಮಾದರಿಯನ್ನೂ ಎರಡು ವಾರ ಪರೀಕ್ಷೆಗೆಂದು ತಂದಿದ್ದೆವು. ಧ್ವನಿ ಬಹಳ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಅದರ ತುದಿಯಲ್ಲೂ ಅದೇ ಫಿಲ್ಟರ್. ಹಿಂದಿರುಗಿಸಿದೆವು.

ಈಗ ಇರುವುದು ದೊಡ್ಡದು. ಇದರಲ್ಲಿ ಸ್ಪೀಕರ್ ಕಿವಿಯ ಹಿಂದಿನ ಪೆಟ್ಟಿಗೆಯಲ್ಲೇ ಇದ್ದು, ಸದ್ದು ಒಂದು ಟ್ಯೂಬಿನ ಮೂಲಕ ಕಿವಿಯ ಅಚ್ಚಿಗೆ ಬರುವುದರಿಂದ ಗುಗ್ಗೆ ಸ್ಪೀಕರ್‌ವರೆಗೆ ಹೋಗುವುದಿಲ್ಲ; ಅಚ್ಚಿನ ತೂತಿನಲ್ಲಿ ನಿಲ್ಲುತ್ತದೆ, ಕಣ್ಣಿಗೂ ಕಾಣುತ್ತದೆ. ವಾರಕ್ಕೊಮ್ಮೆ ಅಮ್ಮನೇ ಅಚ್ಚು ಮತ್ತು ಟ್ಯೂಬನ್ನು ಕಳಚಿ ಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ರಬ್ಬರ್ ಬಲ್ಬಿನಿಂದ ಗಾಳಿ ಊದಿ, ರಾತ್ರಿಯಿಡೀ ಒಣಗಲು ಬಿಡುತ್ತಾರೆ. ಬಲಗಿವಿಯದಕ್ಕೆ ಕೆಂಪು ಗುರುತು, ಎಡಗಿವಿಯದಕ್ಕೆ ನೀಲಿ. ಸಾಧನ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅವರು ಕಲಿತ ಉಪಾಯ ಸರಳವಾದದ್ದು: ಕಿವಿಗೆ ಹಾಕುವ ಮೊದಲು ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಾರೆ, ಕೀಂ ಎಂದು ಸಿಳ್ಳೆ ಬಂದರೆ ಸರಿಯಿದೆ ಎಂದು ಅರ್ಥ.

ಕೊರತೆಗಳೂ ಇವೆ. ಮೊದಲ ವಾರ ತಮ್ಮದೇ ಧ್ವನಿ ಕೊಡದೊಳಗೆ ಮಾತನಾಡಿದಂತೆ ಕೇಳುತ್ತದೆಂದು ಅಮ್ಮ ಬೇಸರಪಟ್ಟರು. ಅಚ್ಚಿನಲ್ಲಿ ಗಾಳಿಯಾಡುವ ರಂಧ್ರವನ್ನು ಸ್ವಲ್ಪ ಹಿಗ್ಗಿಸಿದ ಮೇಲೆ ಅದು ತಗ್ಗಿತು. ಟ್ಯೂಬು ಕೆಲವು ತಿಂಗಳಿಗೆ ಬಿರುಸಾಗುತ್ತದೆ, ಬದಲಿಸಬೇಕು. ಕನ್ನಡಕದ ಕಡ್ಡಿಗೂ ಸಾಧನಕ್ಕೂ ಒಂದೇ ಜಾಗ.

ಸಾಧನ ಯಾವುದೇ ಆಗಲಿ, ಹೊಂದಿಸಿಕೊಡುವವರ ಕೆಲಸದ ಮೇಲೆ ಬಹಳಷ್ಟು ನಿಂತಿದೆ. ಈ ಬಾರಿ ಆಡಿಯಾಲಜಿಸ್ಟ್ ಕಿವಿಯ ಕಾಲುವೆಯೊಳಗೆ ತೆಳುವಾದ ಟ್ಯೂಬಿನ ಮೈಕ್ರೊಫೋನ್ ಇಳಿಸಿ, ಕಿವಿತಮಟೆಯ ಬಳಿ ನಿಜವಾಗಿ ಎಷ್ಟು ಧ್ವನಿ ತಲಪುತ್ತಿದೆ ಎಂದು ಅಳೆದು ಸರಿಹೊಂದಿಸಿದರು. 2023ರಲ್ಲಿ ಪ್ರಕಟವಾದ ಅಚೀವ್ ಎಂಬ ಪ್ರಯೋಗದಲ್ಲಿ 70ರಿಂದ 84 ವರ್ಷದ 977 ಮಂದಿಯಲ್ಲಿ ಒಂದು ಗುಂಪಿಗೆ ಸಾಧನದ ಜೊತೆಗೆ ಆಡಿಯಾಲಜಿಸ್ಟ್‌ರ ಸಲಹೆಯೂ ಸಿಕ್ಕಿತ್ತು. 3 ವರ್ಷಗಳ ಕೊನೆಗೆ ಎಲ್ಲರನ್ನೂ ಒಟ್ಟಾಗಿ ನೋಡಿದಾಗ, ಸಾಧನ ಪಡೆದ ಗುಂಪಿಗೂ ಇನ್ನೊಂದು ಗುಂಪಿಗೂ ಅರಿವಿನ ಕುಸಿತದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕುಸಿತದ ಅಪಾಯ ಮೊದಲೇ ಹೆಚ್ಚಾಗಿದ್ದವರಲ್ಲಿ ಮಾತ್ರ, ಸಾಧನ ಪಡೆದವರ ಕುಸಿತ ಶೇಕಡಾ 48ರಷ್ಟು ನಿಧಾನವಾಗಿತ್ತು. ಶ್ರವಣ ಸಾಧನ ಡಿಮೆನ್ಷಿಯಾವನ್ನು ತಡೆದೇ ತಡೆಯುತ್ತದೆ ಎಂದು ಹೇಳಿ ಮಾರುವವರನ್ನು ಆದ್ದರಿಂದ ನಂಬಬೇಡಿ. ನನಗಂತೂ, ಅಮ್ಮ ಮಾತಿನ ನಡುವೆ ಮತ್ತೆ ಬಂದು ಕೂತದ್ದೇ ಸಾಕಷ್ಟು ಕಾರಣ.

ನಿಮ್ಮ ಮನೆಯ ಹಿರಿಯರ ಬೆರಳು ಚುರುಕಾಗಿದ್ದು, ಗುಗ್ಗೆ ಕಡಿಮೆಯಿದ್ದರೆ ತೆಳು ತಂತಿಯದು ನಿಮಗೆ ಹಿಡಿಸಬಹುದು. ಮರೆವು ಹೆಚ್ಚಿದ್ದರೆ ಬ್ಯಾಟರಿಯ ಬದಲು ರಾತ್ರಿ ಚಾರ್ಜಿಗಿಡುವ ಮಾದರಿಯನ್ನು ಆರಿಸಿ, ಏಕೆಂದರೆ ಬಟನ್ ಬ್ಯಾಟರಿಯನ್ನು ಮಾತ್ರೆಯೆಂದು ನುಂಗುವ ಅಪಾಯವಿದೆ. ನಾವು ಬ್ಯಾಟರಿ ಡಬ್ಬಿಯನ್ನು ಔಷಧಿಯ ಹತ್ತಿರ ಇಡುವುದೇ ಇಲ್ಲ. ಹಣ ಬಿಗಿಯಾಗಿದ್ದರೆ ದುಬಾರಿಯಾದ ಚಿಕ್ಕದಕ್ಕಿಂತ ಸಾಧಾರಣ ಬೆಲೆಯ ದೊಡ್ಡದನ್ನು ಕೊಂಡು, ಉಳಿದದ್ದನ್ನು ಮರುಹೊಂದಾಣಿಕೆಯ ಭೇಟಿಗಳಿಗೆ ಇಟ್ಟುಕೊಳ್ಳಿ. ದಿನಕ್ಕೆ ಎಷ್ಟು ಗಂಟೆ ಬಳಸಿದರು ಎಂಬುದು ಸಾಧನದಲ್ಲೇ ದಾಖಲಾಗುತ್ತದೆ: ಚಿಕ್ಕದರಲ್ಲಿ ಅಮ್ಮನ ಸರಾಸರಿ ಕೊನೆಕೊನೆಗೆ 3 ಗಂಟೆಗೆ ಇಳಿದಿತ್ತು, ಕಳೆದ ಭೇಟಿಯಲ್ಲಿ ದೊಡ್ಡದರದ್ದು 12 ತೋರಿಸಿತು. ಮುಂದಿನ ತಿಂಗಳು ಟ್ಯೂಬು ಬದಲಿಸುವ ಸರದಿ. ಅದೇ ದಿನ ಗುಗ್ಗೆ ತೆಗೆಸಿ, ಆಡಿಯೋಗ್ರಾಂ ಮತ್ತೊಮ್ಮೆ ಮಾಡಿಸಲಿದ್ದೇವೆ.