ಮುಟ್ಟಿನ ಕಪ್: ಆರು ವರ್ಷ ಬಳಸಿದ ಮೇಲೆ

ನಮ್ಮ ಅಡುಗೆಮನೆಯಲ್ಲಿ ಹಿಡಿಗೆ ಕೆಂಪು ದಾರ ಕಟ್ಟಿದ ಒಂದು ಪುಟ್ಟ ಸ್ಟೀಲ್ ಪಾತ್ರೆ ಇದೆ. ತಿಂಗಳಿಗೊಮ್ಮೆ ಮಾತ್ರ ಅದಕ್ಕೆ ಕೆಲಸ. ದಾರ ಯಾಕೆ ಕಟ್ಟಿದೆ ಅಂದರೆ, ಒಂದು ದಿನ ಗಂಡ ಗೊತ್ತಿಲ್ಲದೆ ಅದರಲ್ಲೇ ಚಹಾ ಮಾಡಿಬಿಟ್ಟರು. ಕುಡಿದು ಮುಗಿಸಿದ ಮೇಲೆ, ಅದು ನನ್ನ ಮುಟ್ಟಿನ ಕಪ್ ಕುದಿಸುವ ಪಾತ್ರೆ ಎಂದು ಹೇಳಿದೆ. ಎರಡು ನಿಮಿಷ ಮಾತೇ ಇಲ್ಲ. ಆಮೇಲೆ "ಹೇಗೂ ಕುದಿಸಿದ್ದೇ ಅಲ್ವಾ, ಏನಾಗಲ್ಲ" ಎಂದರು. ನನ್ನ ಮುಟ್ಟಿನ ಕಪ್ ಬಗ್ಗೆ ಈ ಆರು ವರ್ಷದಲ್ಲಿ ಕೇಳಿದ ಅಭಿಪ್ರಾಯಗಳಲ್ಲಿ ತೀರಾ ವೈಜ್ಞಾನಿಕವಾದದ್ದು ಅದೇ.

ಉಳಿದ ಅಭಿಪ್ರಾಯಗಳಿಗೇನೂ ಬರವಿರಲಿಲ್ಲ. ಮಿಕ್ಸಿ ಕೊಂಡೆ ಅಂದರೆ ಎಷ್ಟು ವ್ಯಾಟ್ ಅಂತ ಕೇಳುತ್ತಾರೆ. ಕಪ್ ಕೊಂಡೆ ಅಂದರೆ ಧರ್ಮ, ಸಂಸ್ಕೃತಿ, ಪರಿಸರ, ಮದುವೆ ಎಲ್ಲ ಎದ್ದು ಬರುತ್ತವೆ. ಹಾಗಾಗಿ ಈ ವಿಮರ್ಶೆ ಅರ್ಧ ಕಪ್‌ನದ್ದು, ಅರ್ಧ ಅದರ ಸುತ್ತ ನಡೆದ ಜಗಳದ್ದು.

ಮೊದಲು ವಸ್ತು. 2019ರ ಕೊನೆಗೆ 400 ರೂಪಾಯಿ ಕೊಟ್ಟು ತರಿಸಿದೆ. ಬ್ರಾಂಡ್ ಹೆಸರು ಬೇಡ, ಮಾರುಕಟ್ಟೆಯಲ್ಲಿರುವ ಮುಕ್ಕಾಲುಪಾಲು ಕಪ್‌ಗಳು ಹೆಚ್ಚುಕಮ್ಮಿ ಒಂದೇ. ಮೆಡಿಕಲ್ ಗ್ರೇಡ್ ಸಿಲಿಕೋನ್, ಗಂಟೆಯ ಆಕಾರ, ಕೆಳಗೊಂದು ಪುಟ್ಟ ಬಾಲ. ಮಡಚಿ ಒಳಗಿಟ್ಟರೆ ಅಲ್ಲಿ ಅರಳಿಕೊಂಡು ಸುತ್ತಲೂ ಅಂಟಿ ಕೂರುತ್ತದೆ. ರಕ್ತ ಹೀರಿಕೊಳ್ಳುವುದಿಲ್ಲ, ಸುಮ್ನೆ ಹಿಡಿದಿಡುತ್ತದೆ. ಹೆಚ್ಚೆಂದರೆ 12 ಗಂಟೆ. ಆಮೇಲೆ ತೆಗೆದು, ಚೆಲ್ಲಿ, ತೊಳೆದು ಮತ್ತೆ ಇಡಬೇಕು. ಇದೇನು ನಿನ್ನೆ ಮೊನ್ನೆಯ ಫ್ಯಾಷನ್ ಅಂದುಕೊಳ್ಳಬೇಡಿ. ಲಿಯೋನಾ ಚಾಲ್ಮರ್ಸ್ ಎಂಬ ಅಮೆರಿಕದ ನಟಿ 1937ರಲ್ಲೇ ರಬ್ಬರ್ ಕಪ್‌ಗೆ ಪೇಟೆಂಟ್ ಪಡೆದಿದ್ದಳು. ಎರಡನೇ ಮಹಾಯುದ್ಧದಲ್ಲಿ ರಬ್ಬರ್ ಸಿಗದೆ ಆ ವ್ಯಾಪಾರ ನಿಂತುಹೋಯಿತು. ನಮ್ಮಜ್ಜಿ ಹುಟ್ಟುವ ಮೊದಲೇ ಇದ್ದ ವಸ್ತು ನನ್ನ ಕೈಗೆ ಬರಲು ಎಂಬತ್ತು ವರ್ಷ ಬೇಕಾಯಿತು.

ಮೊದಲ ಮೂರು ತಿಂಗಳು ಸುಖವಿರಲಿಲ್ಲ. ನಿಜ ಹೇಳಬೇಕೆಂದರೆ ಮೊದಲ ದಿನ ಒಳಗಿಟ್ಟದ್ದು ಹೊರಗೆ ಬರಲೇ ಇಲ್ಲ. ಬಚ್ಚಲುಮನೆಯಲ್ಲಿ ನಲವತ್ತು ನಿಮಿಷ. ಬೆವರು, ಅಳು, ಆಸ್ಪತ್ರೆಗೆ ಹೋದರೆ ಏನಂತ ಹೇಳಲಿ ಎಂಬ ಚಿಂತೆ. ಹೆದರಿದಷ್ಟೂ ಮಾಂಸಖಂಡ ಬಿಗಿಯಾಗುತ್ತದೆ, ಕಪ್ ಇನ್ನೂ ಮೇಲೆ ಹೋಗುತ್ತದೆ. ಬಾಲ ಹಿಡಿದು ಎಳೆಯುವುದೇ ಎಲ್ಲರೂ ಮಾಡುವ ತಪ್ಪು. ಕುಕ್ಕರುಗಾಲಲ್ಲಿ ಕೂತು, ಸ್ವಲ್ಪ ಮುಕ್ಕಿ, ಕಪ್‌ನ ಬುಡವನ್ನು ಎರಡು ಬೆರಳಲ್ಲಿ ಒತ್ತಬೇಕು. ಗಾಳಿ ಒಳಹೊಕ್ಕು ಹಿಡಿತ ಬಿಡುತ್ತದೆ. ಆಗ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತದೆ. ಈ ವಿಷಯದಲ್ಲಿ ನಮ್ಮ ಊರಿನ ಹಳೇ ಕಾಲದ ಪಾಯಿಖಾನೆಯೇ ವೆಸ್ಟರ್ನ್ ಕಮೋಡಿಗಿಂತ ಮೇಲು.

ನಾಲ್ಕನೇ ತಿಂಗಳು ಬಂದದ್ದು 2020ರ ಮಾರ್ಚ್‌ನಲ್ಲಿ. ಲಾಕ್‌ಡೌನ್. ನಮ್ಮ ಬೀದಿಯ ಮೆಡಿಕಲ್‌ನಲ್ಲಿ ಪ್ಯಾಡ್ ಖಾಲಿ. ಅದು ಅಗತ್ಯ ವಸ್ತು ಹೌದೋ ಅಲ್ಲವೋ ಅಂತ ಕೇಂದ್ರ ಸರ್ಕಾರವೇ ಪ್ರತ್ಯೇಕವಾಗಿ ಸ್ಪಷ್ಟನೆ ಕೊಡಬೇಕಾಯಿತು. ಮಾಸ್ಕಿಗೆ, ಬೇಳೆಗೆ ಇಲ್ಲದ ಗೊಂದಲ ಇದಕ್ಕೆ ಮಾತ್ರ. ಆ ತಿಂಗಳು ಬೇರೆ ದಾರಿಯಿಲ್ಲದೆ ಕಲಿತೆ. ಕಲಿತ ಮೇಲೆ ಹಿಂದಿರುಗಿ ನೋಡಲಿಲ್ಲ.

ಈಗ ಲೆಕ್ಕ. ನನಗೆ ತಿಂಗಳಿಗೆ 18 ಪ್ಯಾಡ್ ಬೇಕಿತ್ತು. ಒಂದಕ್ಕೆ 8 ರೂಪಾಯಿ ಎಂದರೂ ಆರು ವರ್ಷಕ್ಕೆ 10 ಸಾವಿರ ದಾಟುತ್ತದೆ. ನಾನು ಖರ್ಚು ಮಾಡಿದ್ದು 900. ಮೊದಲಿನದ್ದು ಗಡುಸಾಗಿತ್ತು, ಮೂತ್ರಕೋಶದ ಮೇಲೆ ಒತ್ತುತ್ತಿತ್ತು. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಎರಡನೇ ವರ್ಷ ಮೆತ್ತಗಿನದ್ದು ಕೊಂಡೆ. ಅದು ಈಗ ಹಳೇ ಪಿಂಗಾಣಿಯ ಬಣ್ಣಕ್ಕೆ ತಿರುಗಿದೆ, ಆದರೆ ಬಿರುಕಿಲ್ಲ, ಅಂಟಿಲ್ಲ. ಹತ್ತು ವರ್ಷ ಬಾಳುತ್ತದೆ ಎಂದು ಕಂಪನಿಯವರು ಹೇಳುತ್ತಾರೆ. ನೋಡೋಣ.

ನಾನು ನಿರೀಕ್ಷಿಸದೇ ಇದ್ದ ಲಾಭ ಬೇರೆಯೇ. ಕಪ್ ಮೇಲೆ ಮಿಲಿಲೀಟರ್ ಗೆರೆಗಳಿವೆ. ಪ್ಯಾಡ್ ಬಳಸುವಾಗ ಡಾಕ್ಟರ್ "ಬ್ಲೀಡಿಂಗ್ ಜಾಸ್ತಿನಾ?" ಎಂದರೆ "ಸ್ವಲ್ಪ ಜಾಸ್ತಿ" ಎನ್ನುತ್ತಿದ್ದೆ. ಸ್ವಲ್ಪ ಅಂದರೆ ಎಷ್ಟು, ಯಾರಿಗೆ ಗೊತ್ತು? ಒಂದು ತಿಂಗಳು ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ. 95 ಮಿಲಿಲೀಟರ್. ಸಾಮಾನ್ಯವಾಗಿ 30ರಿಂದ 40 ಹೋಗುತ್ತದೆ, 80 ದಾಟಿದರೆ ಅದು ಅತಿಸ್ರಾವ. ಆ ಚೀಟಿ ನೋಡಿದ ಮೇಲೆಯೇ ಡಾಕ್ಟರ್ ಸ್ಕ್ಯಾನ್ ಬರೆದದ್ದು. ಗರ್ಭಕೋಶದಲ್ಲಿ ಒಂದು ಸಣ್ಣ ಗಡ್ಡೆ, ಹಿಮೋಗ್ಲೋಬಿನ್ 9. ವರ್ಷಗಟ್ಟಲೆ "ನಿಂಗೆ ಸೋಮಾರಿತನ" ಅನ್ನಿಸಿಕೊಂಡಿದ್ದೆನಲ್ಲ, ಅದಕ್ಕೆ ಮದ್ದು ಕಬ್ಬಿಣದ ಮಾತ್ರೆಯಾಗಿತ್ತು.

ಇನ್ನು ಜಗಳಗಳು.

ಮೊದಲನೆಯದ್ದು ಅಮ್ಮನದ್ದು. ನಾನು ಬಳಸುವುದಕ್ಕೆ ಅವಳ ತಕರಾರಿಲ್ಲ, ನನಗೆ ಮದುವೆಯಾಗಿದೆ. ತಂಗಿಗೆ ಕೊಡಿಸಿದ್ದು ದೊಡ್ಡ ಅಪರಾಧ. "ಮದುವೆ ಆಗದ ಹುಡುಗಿ ಅದನ್ನೆಲ್ಲ..." ಎಂದು ಅರ್ಧಕ್ಕೇ ನಿಲ್ಲಿಸಿದಳು. ಆ ಅರ್ಧ ವಾಕ್ಯ ನಮ್ಮಲ್ಲಿ ಎಲ್ಲರಿಗೂ ಪೂರ್ತಿ ಅರ್ಥವಾಗುತ್ತದೆ. ಕನ್ಯಾಪೊರೆ ಹಿಗ್ಗುತ್ತದೆ, ಕೆಲವರಿಗೆ ಆಟ ಆಡುವಾಗಲೇ ಹರಿದಿರುತ್ತದೆ, ಅದು ಯಾವುದಕ್ಕೂ ಸಾಕ್ಷಿಯಲ್ಲ. ಇದನ್ನು ಹೇಳಿ ಹೇಳಿ ಸಾಕಾಯಿತು. ಅತ್ಯಾಚಾರ ಪ್ರಕರಣಗಳಲ್ಲಿ ನಡೆಸುತ್ತಿದ್ದ ಎರಡು ಬೆರಳಿನ ಪರೀಕ್ಷೆಗೆ ವೈಜ್ಞಾನಿಕ ಆಧಾರವೇ ಇಲ್ಲ, ಅದನ್ನು ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೊಮ್ಮೆ ಹೇಳಿತು. ಅಮ್ಮನಿಗೆ ಸುಪ್ರೀಂ ಕೋರ್ಟ್ ದೂರ. ಕೊನೆಗೆ ಕೆಲಸ ಮಾಡಿದ್ದು ನಮ್ಮದೇ ಜಿಲ್ಲೆಯ ಸುದ್ದಿ. ರಾಜ್ಯ ಸರ್ಕಾರವೇ ದಕ್ಷಿಣ ಕನ್ನಡ ಮತ್ತು ಚಾಮರಾಜನಗರದಲ್ಲಿ ಮೈತ್ರಿ ಎಂಬ ಹೆಸರಲ್ಲಿ ವಿದ್ಯಾರ್ಥಿನಿಯರಿಗೆ ಪ್ರಾಯೋಗಿಕವಾಗಿ ಕಪ್ ಹಂಚಿತು. "ಸರ್ಕಾರವೇ ಕೊಡ್ತದಂತೆ" ಎಂದು ಅಮ್ಮ ಪಕ್ಕದ ಮನೆಯವರಿಗೆ ತಾನೇ ಹೇಳಿಕೊಂಡು ಬಂದಳು.

ಎರಡನೆಯದ್ದು ಆಫೀಸಿನದ್ದು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿದಾಗ ಊಟದ ಮೇಜು ಎರಡು ಭಾಗವಾಯಿತು. "ಈಗ ಕಪ್ ಎಲ್ಲ ಬಂದಿದೆಯಲ್ಲ, ಇನ್ನು ರಜೆ ಯಾಕೆ?" ಎಂದ ಒಬ್ಬ ಸಹೋದ್ಯೋಗಿ. ಒಳ್ಳೆಯ ಹುಡುಗ, ಮನಸಲ್ಲಿ ವಿಷವಿಲ್ಲ. ಕಪ್ ರಕ್ತ ಹಿಡಿಯುತ್ತೆ ಮಾರಾಯ, ಹೊಟ್ಟೆನೋವು ಹಿಡಿಯಲ್ಲ ಎಂದೆ. ಇನ್ನೊಬ್ಬಳು, ರಜೆ ಕೊಟ್ಟರೆ ನಮ್ಮನ್ನು ಕೆಲಸಕ್ಕೇ ತಗೊಳ್ಳಲ್ಲ ಎಂದಳು. ಆ ಭಯ ಸುಳ್ಳಲ್ಲ. ಅದಕ್ಕೆ ನನ್ನ ಬಳಿ ಉತ್ತರವೂ ಇರಲಿಲ್ಲ. ನಾನಂತೂ ರಜೆಯ ಪರ, ಮೊದಲ ದಿನ ಬಿಸಿನೀರಿನ ಚೀಲ ಹೊಟ್ಟೆಗಿಟ್ಟುಕೊಂಡು ಮೀಟಿಂಗ್‌ನಲ್ಲಿ ಕೂತವಳು.

ನನಗೆ ಜಾಸ್ತಿ ಸಿಟ್ಟು ಬರುವುದು ಮಾತ್ರ ನಮ್ಮದೇ ಪಕ್ಷದವರ ಮೇಲೆ. ಕಪ್ ಬಳಸಲು ಶುರುಮಾಡಿದ ಮೂರೇ ತಿಂಗಳಿಗೆ ಪ್ಯಾಡ್ ಬಳಸುವವರಿಗೆ ಪಾಠ ಹೇಳುವವರು. ನಾನೂ ಹಾಗೇ ಇದ್ದೆ. ಬೆಂಗಳೂರಿನಲ್ಲಿ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಚುಕ್ಕೆ ಇಟ್ಟು ಬೇರೆಯಾಗಿ ಕೊಡಬೇಕು. ಎಷ್ಟು ಜನ ಮಾಡುತ್ತಾರೆ? ಉಳಿದದ್ದನ್ನು ಪೌರಕಾರ್ಮಿಕರು ಕೈಯಲ್ಲೇ ಬೇರ್ಪಡಿಸುತ್ತಾರೆ. ನಮ್ಮ ಬೀದಿಗೆ ಬರುವ ಅಕ್ಕನಿಗೆ ಒಂದು ದಿನ ದೊಡ್ಡ ಉಪಕಾರ ಮಾಡುವವಳ ಹಾಗೆ ಕಪ್ ಬಗ್ಗೆ ಹೇಳಿದೆ, ನಾನೇ ಕೊಡಿಸ್ತೀನಿ ಅಂದೆ. ಅವರು ಗಾಡಿಯ ಹಿಡಿಗೆ ಒರಗಿ ಪೂರ್ತಿ ಕೇಳಿಸಿಕೊಂಡರು. "ಬೆಳಗ್ಗೆ ಬಂದ್ರೆ ಮಧ್ಯಾಹ್ನದವರ್ಗೂ ಬೀದೀಲೇ ಇರ್ತೀವಿ. ಎಲ್ಲಿ ತೆಗೆದು ಎಲ್ಲಿ ತೊಳೀಲಮ್ಮಾ?" ಎಂದರು. ಹನ್ನೆರಡು ಗಂಟೆ ತೆಗೆಯಬೇಕಾಗಿಲ್ಲ ಅನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಜಾಸ್ತಿ ಹೋಗುವ ದಿನ ನನಗೇ ನಾಲ್ಕು ಗಂಟೆಗೆ ತುಂಬುತ್ತದೆ. ನೀರು, ಸೋಪು, ಚಿಲಕ ಇರುವ ಬಾಗಿಲು. ಈ ಮೂರೂ ಇದ್ದವರಿಗೆ ಮಾತ್ರ ಕಪ್ ಅಗ್ಗ.

ಆರೋಗ್ಯದ ಬಗ್ಗೆ ಎರಡೇ ಮಾತು. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ 43 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಲೇಖನ ಬಂತು. 3,300ಕ್ಕೂ ಹೆಚ್ಚು ಜನರ ಮಾಹಿತಿ. ಸೋರಿಕೆ ಪ್ಯಾಡಿನಷ್ಟೇ ಅಥವಾ ಕಡಿಮೆ, ಒಟ್ಟಾರೆ ಸುರಕ್ಷಿತ, ರೂಢಿಯಾಗಲು ಕೆಲವು ತಿಂಗಳು ಬೇಕು ಎಂದಿತ್ತು. ನನ್ನ ಅನುಭವವೂ ಅದೇ. ಆದರೆ ಕಾಪರ್-ಟಿ ಹಾಕಿಸಿಕೊಂಡವರು ಡಾಕ್ಟರನ್ನು ಕೇಳದೆ ಬಳಸಬೇಡಿ. ಎಳೆಯುವಾಗ ಅದೂ ಜಾರಬಹುದು.

ಕೊನೆಗೆ ಅಜ್ಜಿ. ನಮ್ಮ ಮನೆ ಬಂಟ್ವಾಳದ ಹತ್ತಿರ. ಅಜ್ಜಿಯ ಕಾಲದಲ್ಲಿ ಮೂರು ದಿನ ಹೊರಗಿನ ಚಾವಡಿಯ ಮೂಲೆ, ಬೇರೆ ಚಾಪೆ, ಬೇರೆ ತಟ್ಟೆ. ಬಟ್ಟೆ ಒಣಗಿಸುತ್ತಿದ್ದದ್ದು ಬೈಹುಲ್ಲಿನ ಹಿಂದೆ, ಬಿಸಿಲೂ ನೋಡಬಾರದು ಎಂಬಂತೆ. "ರಾಣಿ ಹಾಗೆ ಕೂತಿರ್ತಿದ್ದೆವು, ಮೂರು ದಿನ ಒಲೆ ಮುಂದೆ ಹೋಗ್ಲಿಕ್ಕಿಲ್ಲ" ಎಂದು ಅವಳು ಈಗಲೂ ಹೇಳುತ್ತಾಳೆ. ಅವಳಿಗೆ ಸಿಕ್ಕ ರಜೆ ಅದೊಂದೇ, ಹಾಗಾಗಿ ಆ ಮಾತನ್ನು ನಾನು ಕಿತ್ತುಕೊಳ್ಳುವುದಿಲ್ಲ. ಆದರೆ ಅದೇ ಪದ್ಧತಿ ಇನ್ನೊಂದು ಕಡೆ ಏನು ಮಾಡುತ್ತದೆ ಎಂದೂ ಗೊತ್ತು. ತುಮಕೂರು ಹತ್ತಿರದ ಗೊಲ್ಲರಹಟ್ಟಿಯೊಂದರಲ್ಲಿ 2023ರ ಜುಲೈನಲ್ಲಿ ಸೂತಕವೆಂದು ಬಾಣಂತಿಯನ್ನು ಊರ ಹೊರಗಿನ ಗುಡಿಸಲಲ್ಲಿ ಇಟ್ಟಿದ್ದರು. ಮಳೆ, ಚಳಿ. ಹಸುಗೂಸು ಉಳಿಯಲಿಲ್ಲ.

ದಾವಣಗೆರೆಯ ಗೆಳತಿಯೊಬ್ಬಳು ಇದನ್ನೆಲ್ಲ ಕೇಳಿ "ನಮ್ಮಲ್ಲಿ ಹನ್ನೆರಡನೇ ಶತಮಾನದಲ್ಲೇ ಮುಗಿದ ವಿಷಯ" ಎಂದು ಬೀಗಿದಳು. ಶರಣರು ಬೇಡವೆಂದ ಐದು ಸೂತಕಗಳಲ್ಲಿ ಮುಟ್ಟಿನದ್ದೂ ಒಂದು, ನಿಜ. ಮುಂದಿನ ಸೋಮವಾರವೇ ಅವಳ ಅತ್ತೆ ಅವಳನ್ನು ಪೂಜೆಯ ಕೋಣೆಯಿಂದ ಆಚೆ ಕೂರಿಸಿದರು. ಇಬ್ಬರೂ ಫೋನಿನಲ್ಲಿ ನಕ್ಕೆವು.

ನಮ್ಮ ಕಡೆ ಭೂಮಿಗೂ ಮುಟ್ಟು ಬರುತ್ತದೆ. ಫೆಬ್ರವರಿಯ ಕೆಡ್ಡಸ ಹಬ್ಬದಲ್ಲಿ ಮೂರು ದಿನ ಮಣ್ಣು ಅಗೆಯುವಂತಿಲ್ಲ, ಮರ ಕಡಿಯುವಂತಿಲ್ಲ. ಆಮೇಲೆ ಅವಳಿಗೆ ಎಣ್ಣೆ, ಸೀಗೆ, ಅರಿಶಿನ, ಕುಂಕುಮ. ಅವಳಿಗೆ ಅಷ್ಟೆಲ್ಲ ಗೌರವ, ನಮಗ್ಯಾಕೆ ಮೂಲೆಯ ಚಾಪೆ ಎಂದು ಹದಿನಾಲ್ಕನೇ ವಯಸ್ಸಿನಲ್ಲಿ ಕೇಳಿ ಬೈಸಿಕೊಂಡಿದ್ದೇನೆ.

ಕಪ್ ಬಗ್ಗೆ ಅಜ್ಜಿಗೆ ಗೊತ್ತಾದದ್ದು ಎರಡು ವರ್ಷದ ಹಿಂದೆ. ಕೈಯಲ್ಲಿ ಹಿಡಿದು, ಒತ್ತಿ, ತಿರುಗಿಸಿ ನೋಡಿದಳು. ತುಂಬಾ ಹೊತ್ತು ಯೋಚಿಸಿ ಒಂದು ಪ್ರಶ್ನೆ ಕೇಳಿದಳು. "ಅಲ್ಲ, ಎಲ್ಲ ಒಳಗೇ ನಿಂತ್ರೆ ನೀನು ಹೊರಗಾಗೋದು ಹೇಗೆ?"

ಹೊರಗಾಗುವುದು, ಹೊರಗೆ ಕೂರುವುದು, ದೂರ ಇರುವುದು. ನಮ್ಮ ಭಾಷೆಯಲ್ಲಿ ಮುಟ್ಟಿಗೆ ಇರುವ ಎಷ್ಟೋ ಮಾತುಗಳು ಜಾಗದ್ದು. ಅಜ್ಜಿ ತಮಾಷೆ ಮಾಡುತ್ತಿರಲಿಲ್ಲ, ನಿಜವಾಗಿ ಲೆಕ್ಕ ಹಾಕುತ್ತಿದ್ದಳು. ಕಲೆಯಿಲ್ಲ, ವಾಸನೆಯಿಲ್ಲ, ಒಣಗಿಸುವ ಬಟ್ಟೆಯಿಲ್ಲ, ಕಪ್ಪು ಕವರಿನಲ್ಲಿ ಸುತ್ತಿದ ಪೊಟ್ಟಣವಿಲ್ಲ. ನಾನು ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು, ಬೆಳಗ್ಗೆ ನೇರ ದೇವರ ಕೋಣೆಗೆ ಹೋಗಿ ಊದುಬತ್ತಿ ಹಚ್ಚಿದ್ದೂ ಇದೆ. ಅದನ್ನು ಧೈರ್ಯ ಅನ್ನಲು ನನಗೆ ಸಂಕೋಚ. ಶಬರಿಮಲೆಯ ತೀರ್ಪು ಬಂದ 2018ರಲ್ಲಿ ಹೆಸರು ಹೇಳಿಕೊಂಡು ಬೆಟ್ಟ ಹತ್ತಲು ಹೊರಟವರಿದ್ದರು. ನಾನು ಬಾಯಿ ಮುಚ್ಚಿಕೊಂಡು ದಾಟಿದವಳು. ನಾಲ್ಕು ಸ್ಟಾರ್ ಕೊಡುತ್ತೇನೆ. ಕಡಿತವಾದ ಒಂದು ಸ್ಟಾರ್ ಕಪ್‌ನ ತಪ್ಪಲ್ಲ, ಅದರ ಮರೆಯಲ್ಲಿ ನಾನು ಮಾಡಿದ ಈ ಕಳ್ಳಾಟದ್ದು.

ಕಳೆದ ಕೆಡ್ಡಸಕ್ಕೆ ಊರಿಗೆ ಹೋದಾಗ ಎರಡನೇ ದಿನ. ಅಡುಗೆಮನೆಯಲ್ಲಿ ಅಜ್ಜಿ ಹಬ್ಬದ ತಿಂಡಿ ನನ್ನೇರಿಗೆ ಕುಚ್ಚಲಕ್ಕಿ ಹುರಿಯುತ್ತಿದ್ದಳು. ಈ ಸಲ ನಾನೇ ಹೊಸ್ತಿಲ ಮೇಲೆ ನಿಂತು "ಅಜ್ಜಿ, ನಂಗೆ ಇವತ್ತು ಎರಡನೇ ದಿನ" ಎಂದೆ. ಅಮ್ಮ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದಳು. ಅಜ್ಜಿ ನನ್ನ ಮುಖ ನೋಡಿದಳು, ಬಾಣಲೆ ನೋಡಿದಳು. ಅಕ್ಕಿ ಸಿಡಿಯಲು ಶುರುವಾಗಿತ್ತು.

"ಭೂಮಿಗೂ ಎರಡನೇ ದಿನವೇ" ಎಂದಳು. "ಬಾ, ಕೈ ಬಿಡದೆ ತಿರುಗಿಸು, ಸೀದುಹೋಗ್ತದೆ."